ಕಿಟಕಿಯ ಕೆಳಗಿನ ಹಾಡು

ಮಿಲ್‌ಬ್ರುಕ್, ಓಹಾಯೊ
ಅಕ್ಟೋಬರ್ 8, 2019

ಪ್ರೀತಿಯ ಡೆಸ್ಮಂಡ್,

ನಿನ್ನ ಪತ್ರ ಬಂದು ಎಂಟು ದಿನವಾಯಿತು. ಕ್ಷಮಿಸು. ತಡವಾಗಿದ್ದಕ್ಕೆ ಮಂಡಿನೋವು ಕಾರಣವಲ್ಲ. ಮೂರು ಸಲ ಬರೆದು ಹರಿದೆ. ನೀನು ಕಳಿಸಿದ ಸೇಬು ಸಿಹಿಯಾಗಿದ್ದವು.

ನಿಮ್ಮ ಫ್ರಟರ್ನಿಟಿ ಸಂಘದ ಮನೆಯ ಹುಡುಗರೆಲ್ಲ ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯ ತಡೆಯುವ ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆದಿರಂತೆ. ಸಂತೋಷ. ಅದರ ಮುಂದಿನ ಸಾಲಿನಲ್ಲೇ, ನಿಮ್ಮ ಜೊತೆಗಾರ ಪ್ರೆಸ್ಟನ್‌ನನ್ನು ಬಿಟ್ಟುಹೋದ ಟೆಸ್ಸಾಳ ಹಾಸ್ಟೆಲ್ ಕಿಟಕಿಯ ಕೆಳಗೆ ಈ 11ರ ಶುಕ್ರವಾರ ಸಂಜೆ ಮೇಣದಬತ್ತಿ ಹಿಡಿದು ಹಾಡುತ್ತೀರೆಂದು ಬರೆದಿದ್ದೀಯ. "ಅವಳು ಇಳಿದು ಬರೋವರೆಗೂ ನಿಲ್ಸಲ್ಲ ಅಜ್ಜಿ. ನೀನು ನೋಡಿದ್ರೆ ಅತ್ತೇಬಿಡ್ತೀಯ!"

ನೋಡಿದ್ದೇನೆ ಮಗೂ. 1967ರಲ್ಲಿ, ನಿಮ್ಮದೇ ಮನೆಯ ಹುಡುಗರನ್ನು. ನನ್ನ ಕೋಣೆಯ ಗೆಳತಿ ಲೆನೋರಾ, ಪ್ರೀತಿಯ ಗುರುತಿಗೆ ತನ್ನವನು ಕೊಟ್ಟಿದ್ದ ಸಂಘದ ಬ್ಯಾಡ್ಜನ್ನು ಹಿಂದಿರುಗಿಸಿ ಅವನನ್ನು ಬಿಟ್ಟಿದ್ದಳು. ಹಾಸ್ಟೆಲಿನಲ್ಲಿ ಊಟಕ್ಕೆ ಕೂತಿದ್ದೆವು, ನಲವತ್ತು ಜನ ಮೇಣದಬತ್ತಿ ಹಿಡಿದು ಬಂದು ಕಿಟಕಿಯ ಕೆಳಗೆ ಹುಲ್ಲಿನ ಮೇಲೆ ನಿಂತರು. ಗಲ್ಲದ ಕೆಳಗೆ ಬೆಳಕು, ಕಣ್ಣಿರಬೇಕಾದಲ್ಲಿ ಕತ್ತಲು. ಹಾಡು ಮುಗಿಯಿತು, ಮತ್ತೆ ಮೊದಲಿನಿಂದ ಶುರುವಾಯಿತು. ಆಮೇಲೆ ಪದಗಳನ್ನೂ ಬಿಟ್ಟು, ಬಾಯಿ ಮುಚ್ಚಿಕೊಂಡು ಬರೀ ಗುಂಯ್‌ಗುಟ್ಟತೊಡಗಿದರು. ಯಾರ ತುಟಿಯೂ ಅಲ್ಲಾಡುತ್ತಿರಲಿಲ್ಲ. ಮೇಜಿನ ಮೇಲಿನ ಚಮಚಗಳು ಅದುರುತ್ತಿದ್ದವು.

"ಅವನೊಬ್ಬನೇ ಬಂದಿದ್ರೆ ಬಾಗಿಲು ಹಾಕ್ಕೋತಿದ್ದೆ ಕಣೇ," ಎಂದಳು ಲೆನೋರಾ.

"ನಲವತ್ತು ಹುಡುಗರು ಹಾಡ್ತಿದಾರೆ, ಇನ್ನೇನಮ್ಮ ಬೇಕು ಮಹಾರಾಣಿಗೆ?" ಎಂದು ವಾರ್ಡನ್ ನಕ್ಕರು. ಹುಡುಗಿಯರು ಚಪ್ಪಾಳೆ ತಟ್ಟಿದರು. ಅವಳು ಇಳಿದು ಅವನ ಬಳಿ ಹೋದಳು. ಆ ಕ್ಷಣವೇ ದನಿ ನಿಂತಿತು. ನಲವತ್ತು ಬತ್ತಿಗಳೂ ಒಟ್ಟಿಗೆ ಆರಿದವು.

ಮೂರು ವಾರದ ನಂತರ ಅವನು ಅವಳನ್ನು ಕತ್ತು ಹಿಸುಕಿ ಕೊಂದ. ಪತ್ರಿಕೆಯವರು 'ಪ್ರೇಮಿಗಳ ದುರಂತ' ಎಂದು ಬರೆದರು. ಹಾಡಿದವರನ್ನು ಯಾರೂ ಏನೂ ಕೇಳಲಿಲ್ಲ. ಅವರಲ್ಲಿ ಒಬ್ಬ ಇವತ್ತು ನಿಮ್ಮ ಕಾಲೇಜಿನ ಆಡಳಿತ ಮಂಡಳಿಯಲ್ಲಿದ್ದಾನೆ. ನೀನು ಕಳಿಸಿದ ಪ್ರಮಾಣಪತ್ರದ ಪ್ರತಿಯ ಕೆಳಗೆ ಅವನದೇ ಸಹಿ ಇದೆ.

ಶುಕ್ರವಾರ ನೀನು ಕೋಣೆಯಲ್ಲಿ ಕೂತುಬಿಟ್ಟರೆ ಸಾಲದು. ಅವರು ಹೊರಡುವ ಮೊದಲೇ ಬಾಗಿಲಿಗೆ ಅಡ್ಡ ನಿಂತು, "ಟೆಸ್ಸಾನ ಕೇಳಿದೀರೇನ್ರೋ?" ಅನ್ನು. ನಗುತ್ತಾರೆ, ನಗಲಿ. ಒಂದು ಗಂಟಲು ಕಡಿಮೆಯಾದರೂ ಆ ದನಿ ಒಡೆಯುತ್ತದೆ.

ದೇವರು ನಿನಗೆ ಅಷ್ಟು ಧೈರ್ಯ ಕೊಡಲಿ.

ನಿನ್ನ ಅಜ್ಜಿ,
ವಿಲ್ಮಾ

ತಾ.ಕ.: ಅಂದು ಕೆಳಗಿಳಿಯುವ ಮುನ್ನ ಲೆನೋರಾಳ ಕೋಟಿನ ಗುಂಡಿ ಹಾಕಿಕೊಟ್ಟವಳು ನಾನು. ಅವಳ ಕೊರಳ ಮೇಲೆ ಆಗಲೇ ಅವನ ಬೆರಳಿನ ಗುರುತುಗಳಿದ್ದವು. ಅವು ಕಾಣದಿರಲೆಂದು ಕತ್ತಿನ ಗುಂಡಿಯನ್ನೂ ಹಾಕಿ, "ಈಗ ಹೋಗು, ಚೆನ್ನಾಗಿ ಕಾಣ್ತೀಯ," ಅಂದೆ.