ಕಪ್ಪು ತೆಗೆಸುವ ಬಟ್ಟೆ

ಶಹರೆ ಕೊರ್ದ್
ಫರ್ವರ್ದಿನ್ ೬, ೧೩೭೧

ನನ್ನ ಮುದ್ದು ಶೋಕತ್,

ನಿನ್ನ ಅಕ್ಕ ಗೌಹರ್ ಮಾಡುವ ಆಶೀರ್ವಾದ. ಹೊಸ ವರ್ಷ ನಿನಗೂ ಮಕ್ಕಳಿಗೂ ಒಳ್ಳೆಯದು ಮಾಡಲಿ. ಬೈಯುವುದಿದ್ದರೆ ಮೊದಲೇ ಬೈದು ಮುಗಿಸು, ಆಮೇಲೆ ಓದು. ವರ್ಷ ತಿರುಗುವ ಹೊತ್ತಿಗೆ ನಾನು ನಿನ್ನ ಮನೆಯಲ್ಲಿ ಇರಬೇಕಿತ್ತು, ಇರಲಿಲ್ಲ. ಬದುಕಿದ್ದೇನೆ ಎಂದು ತಿಳಿಸುವುದಕ್ಕೂ ಇಷ್ಟು ದಿನ ಹಿಡಿಯಿತು. ಬೆರಳುಗಳು ನಿನ್ನೆಯಷ್ಟೇ ಪೆನ್ನು ಹಿಡಿಯುವ ಹಾಗಾದವು. ಕಾಲುಗಳು ಇನ್ನೂ ನನ್ನವಾಗಿಲ್ಲ. ನಿಮ್ಮೂರ ದಾರಿ ತೆರೆದೊಡನೆ ನಮ್ಮ ಬಸ್ಸಿನ ಡ್ರೈವರ್ ಕೆರಾಮತ್ ಈ ಕಾಗದ ತರುತ್ತಾನೆ, ಅವನಿಗೆ ಚೆನ್ನಾಗಿ ಊಟ ಹಾಕು.

ನಿನ್ನ ಗಂಡ ತೀರಿಹೋದ ಮೇಲೆ ಇದು ಮೊದಲ ನೌರೋಜ್, ಮೊದಲ ಹೊಸ ವರ್ಷ. ನಮ್ಮಲ್ಲಿ ಹಿರಿಯಳೆಂದು ಉಳಿದವಳು ನಾನೊಬ್ಬಳೇ. ನಾನು ಬಂದು ಬಣ್ಣದ ಬಟ್ಟೆ ಹೊದಿಸಿ, ಸಾಕು ತೆಗಿ ಎನ್ನದೆ ನೀನು ಸಾವಿನ ದುಃಖಕ್ಕೆ ಉಟ್ಟ ಕಪ್ಪು ತೆಗೆಯುವ ಹಾಗಿಲ್ಲ. ಕಪ್ಪಿನಲ್ಲೇ ವರ್ಷ ತಿರುಗಿದರೆ ಊರ ಹೆಂಗಸರು ಏನೇನು ಆಡಿಕೊಳ್ಳುತ್ತಾರೆ ಎಂಬುದೂ ಗೊತ್ತು. ಅದಕ್ಕೇ ಇಸ್ಫಹಾನಿನ ಬಜಾರೆಲ್ಲ ಸುತ್ತಿ ಕೆಂಪು ಹೂವಿನ ಬಟ್ಟೆ ಆರಿಸಿದ್ದೆ. ಅಂಗಡಿಯವನು ಮದುಮಗಳಿಗೋ ಎಂದು ಕೇಳಿದ. ನನ್ನ ತಂಗಿಗೆ, ನಿನಗೇನು ಕಷ್ಟ ಎಂದೆ. ಬಸ್ಸಿನಲ್ಲಿಯೂ ಸುಮ್ಮನಿರಲಾರದೆ ಎಲ್ಲರಿಗೂ ಬಿಚ್ಚಿ ತೋರಿಸಿದೆ.

ಹೊರಟಾಗ ಬಿಸಿಲಿತ್ತು. ಘಟ್ಟ ಹತ್ತುತ್ತಿದ್ದಂತೆ ಗಾಳಿ ಎದ್ದಿತು, ಆಮೇಲೆ ಗಾಜಿನಾಚೆ ಏನೂ ಕಾಣಲಿಲ್ಲ. ಬಸ್ಸು ಒಂದು ಕಡೆ ವಾಲಿ ನಿಂತಿತು. ಸ್ವಲ್ಪ ಹೊತ್ತಿಗೆ ಒಳಗೆ ಹೊಗೆ ನುಗ್ಗಿತೆಂದು ಕೆರಾಮತ್ ಇಂಜಿನ್ನನ್ನೂ ನಿಲ್ಲಿಸಿದ. ಹಿಮ ಕಿಟಕಿಯ ಅರ್ಧಕ್ಕೆ ಬಂತು, ಆಮೇಲೆ ಪೂರ್ತಿ ಮುಚ್ಚಿತು. ಶೋಕತ್, ನಾನು ಹೆರಿಗೆಗೂ ಹೆದರಿದವಳಲ್ಲ, ಯುದ್ಧದಲ್ಲಿ ಬಾಂಬು ಬಿದ್ದಾಗಲೂ ಹೆದರಿದವಳಲ್ಲ. ಅಲ್ಲಿ ಹೆದರಿದೆ. ಜೀವಂತ ಮಣ್ಣು ಮಾಡಿದಂತಿತ್ತು.

ಯಾರೂ ನಿದ್ದೆ ಮಾಡಕೂಡದು ಎಂದು ಕೆರಾಮತ್ ಕಟ್ಟಪ್ಪಣೆ ಮಾಡಿದ. ನನ್ನ ಪಕ್ಕದ ಯಾದೊಲ್ಲಾ ಅಜ್ಜ ತೂಕಡಿಸಿದಾಗಲೆಲ್ಲ ಚಿವುಟುತ್ತಿದ್ದೆ. ಹೆಂಡತಿ ಕೂಡ ಇಷ್ಟು ಚಿವುಟಿರಲಿಲ್ಲ ಎಂದು ಗೊಣಗಿದ. ಹಿಂದಿನ ಸೀಟಿನಲ್ಲಿ ಸನಮ್ ಎಂಬ ಹುಡುಗಿ ಮಗುವನ್ನು ಎದೆಗವುಚಿ ಕೂತಿದ್ದಳು. ಮಗು ಅಳುತ್ತಿರುವವರೆಗೆ ನಮಗೆಲ್ಲ ಸಮಾಧಾನ. ಅಳು ನಿಂತಾಗ ಎಲ್ಲರೂ ಒಟ್ಟಿಗೆ ತಿರುಗಿ ನೋಡುತ್ತಿದ್ದೆವು.

ಹೇಗೋ ಬೆಳಗಾಯಿತು. ದೂರದಿಂದ ಹಿಮ ಗುಡಿಸುವ ಯಂತ್ರದ ಸದ್ದು ಕೇಳಿ ನಾವೆಲ್ಲ ಅಲ್ಲಾನನ್ನು ಕೊಂಡಾಡಿದರೆ, ಕೆರಾಮತ್‌ನ ಮುಖ ಮಾತ್ರ ಬಿಳಿಚಿಕೊಂಡಿತು. ಬಸ್ಸೂ ಬಿಳಿ, ಹಿಮವೂ ಬಿಳಿ. ಯಂತ್ರದವನಿಗೆ ನಾವು ಕಾಣುವುದಿಲ್ಲ, ಅದರ ಅಲಗು ನೇರ ನಮ್ಮ ಮೇಲೇ ಬರುತ್ತದೆ ಎಂದ. ಯಾರೋ ತಾವು ಹೊದ್ದ ಕಪ್ಪು ಚಾದರ ಕೊಡಲು ಹೋದರು. "ಕಪ್ಪು ಕಟ್ಟಿದ್ರೆ ಮುಳ್ಳಿನ ಪೊದೆ ಅಂದ್ಕೋತಾನೆ. ಬಣ್ಣ ಬೇಕು, ಮನುಷ್ಯರದ್ದು ಅಂತ ಗೊತ್ತಾಗ್ಬೇಕು" ಎಂದ.

ಎಲ್ಲರೂ ನನ್ನ ಮಡಿಲನ್ನೇ ನೋಡಿದರು. ನಾನು ಬಟ್ಟೆಯ ಗಂಟನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ. ಕೊಡಲಾರೆ, ಇದು ನನ್ನ ತಂಗಿಯ ಕಪ್ಪು ತೆಗೆಸುವ ಬಟ್ಟೆ, ಗಾಳಿಗೆ ಕಟ್ಟಿದರೆ ಅಪಶಕುನ ಎಂದೆ. ನಿನ್ನ ಮೇಲಾಣೆ, ಹಾಗೇ ಅಂದೆ. ಯಾರೂ ಜೋರು ಮಾಡಲಿಲ್ಲ. ಸನಮ್ ಮಾತ್ರ ಮೆಲ್ಲಗೆ ಹೇಳಿದಳು.

"ಅತ್ತೆ, ನಿಮ್ಮ ತಂಗಿ ಇಲ್ಲಿದ್ದಿದ್ರೆ ಕೊಡ್ತಿದ್ರು."

ಕೊಟ್ಟೆ. ಕೆರಾಮತ್ ಕಿಟಕಿಯಿಂದ ನುಸುಳಿ, ಸಲಿಕೆಯ ಕಾವಿಗೆ ಅದನ್ನು ಕಟ್ಟಿ ಬಸ್ಸಿನ ನೆತ್ತಿಯ ಮೇಲೆ ನೆಟ್ಟು ಬಂದ. ಅವನು ಒಳಗೆ ಬರುವಷ್ಟರಲ್ಲಿ ಬಸ್ಸಿನ ರೇಡಿಯೋದಲ್ಲಿ ಹೊಸ ವರ್ಷದ ತೋಪು ಹಾರಿತು. ವರ್ಷ ತಿರುಗಿತ್ತು. ಯಾರೂ ಯಾರನ್ನೂ ತಬ್ಬಿಕೊಳ್ಳಲಿಲ್ಲ. "ವರ್ಷ ತಿರುಗುವಾಗ ಎಲ್ಲಿರ್ತೀವೋ ವರ್ಷವೆಲ್ಲ ಅಲ್ಲೇ ಅಂತಾರೆ" ಎಂದ ಯಾದೊಲ್ಲಾ ಅಜ್ಜ. ನಾನು ಅವನನ್ನು ಮತ್ತೆ ಚಿವುಟಿದೆ. ಯಂತ್ರದ ಸದ್ದು ಹತ್ತಿರ ಹತ್ತಿರ ಬಂತು, ಕಾಲಡಿಯ ತಗಡು ನಡುಗಿತು. ನಾನು ಕಣ್ಣು ಮುಚ್ಚಿದೆ. ಕಪ್ಪು ಬಟ್ಟೆಯಲ್ಲಿ ಬಾಗಿಲು ಕಾಯುತ್ತಾ ಕೂತ ನೀನೇ ಕಂಡೆ.

ಸದ್ದು ನಿಂತಿತು. ಇಷ್ಟು ಮೌನವನ್ನು ನಾನು ಎಂದೂ ಕೇಳಿಲ್ಲ. ಆಮೇಲೆ ಸಲಿಕೆಯೊಂದು ಗಾಜಿಗೆ ತಾಗಿತು.

ಮಗು ಚೆನ್ನಾಗಿದೆ. ಸನಮ್‌ಳ ತಾಯಿಯ ಮನೆಯಲ್ಲೇ ನನ್ನನ್ನು ಇಟ್ಟುಕೊಂಡಿದ್ದಾರೆ, ಬೇಡವೆಂದರೂ ಸೂಪು ಕುಡಿಸುತ್ತಾರೆ. ನಿನ್ನ ಬಟ್ಟೆಯನ್ನು ಗಾಳಿ ಚಿಂದಿ ಮಾಡಿತು. ತಲೆಗೆ ಕಟ್ಟುವಷ್ಟು ಉಳಿದಿದೆ, ಇದರೊಡನೆ ಇಟ್ಟಿದ್ದೇನೆ. ಅಕ್ಕಪಕ್ಕದ ಹೆಂಗಸರನ್ನೆಲ್ಲ ಕರೆದು ಈ ಮಾತು ಗಟ್ಟಿಯಾಗಿ ಓದಿಸು: ಹಿರಿಯಳಾದ ಗೌಹರ್ ಹೇಳುತ್ತಿದ್ದಾಳೆ, ಶೋಕತ್, ನಿನ್ನ ದುಃಖ ಸಲ್ಲಬೇಕಾದಲ್ಲಿ ಸಂದಿತು, ಇನ್ನು ಕಪ್ಪು ತೆಗಿ. ನಿನ್ನ ಮನೆಯ ಒಲೆ ಆರದಿರಲಿ, ಮಕ್ಕಳ ನೆರಳು ನಿನ್ನ ಮೇಲಿರಲಿ.

ನಿನ್ನ ಅಕ್ಕ,
ಗೌಹರ್

ಮರೆತ ಮಾತು: ಇದನ್ನು ಹೆಂಗಸರ ಮುಂದೆ ಓದಿಸಬೇಡ. ನನ್ನ ಮಗ ಬೆಹ್ರೂಜ್ ತೀರಿಹೋದ ಮೇಲಿನ ಮೊದಲ ನೌರೋಜಿಗೆ, ಆಗಿನ್ನೂ ಬದುಕಿದ್ದ, ನಡೆಯಲಾರದ ಅವ್ವ ನನ್ನ ಕಪ್ಪು ತೆಗೆಸಲು ನಿನ್ನ ಕೈಯಲ್ಲಿ ಬಟ್ಟೆ ಕೊಟ್ಟು ಕಳಿಸಿದ್ದಳು. ಘಟ್ಟದಲ್ಲಿ ಹಿಮ, ಅರ್ಧ ದಾರಿಯಿಂದ ವಾಪಸಾದೆ ಎಂದು ನೀನು ಬರೆದೆ. ಅದೇ ದಿನ ಅದೇ ದಾರಿಯಲ್ಲಿ ಬಂದ ನಿಮ್ಮೂರವಳೊಬ್ಬಳು ಒಳ್ಳೆ ಬಿಸಿಲಿತ್ತು ಎಂದಳು. ನಾನು ನಿನ್ನನ್ನು ಕೇಳಲಿಲ್ಲ. ಕಪ್ಪನ್ನೂ ತೆಗೆಯಲಿಲ್ಲ, ಇವತ್ತಿಗೂ. ಈಗ ಕೇಳುತ್ತೇನೆ. ಆ ದಿನ ಹಿಮ ಬಿದ್ದಿತ್ತೇ, ಶೋಕತ್? ಬಿದ್ದಿರದಿದ್ದರೂ ಬಿದ್ದಿತ್ತು ಎಂದೇ ಬರಿ. ಈಗಾದರೆ ನಾನು ನಂಬಬಲ್ಲೆ.