ಕ್ಯಾಮೆರಾ ಮುಂದೆ ಬಾರದ ಅಜ್ಜಿ

ಹ್ಯಾಮಿಲ್ಟನ್,
೧೭ ಆಗಸ್ಟ್ ೨೦೦೮, ಭಾನುವಾರ

ಚಿ. ತನುಶ್ರೀಗೆ ಅಮ್ಮನ ಆಶೀರ್ವಾದ.

ನೀನು ರಜೆ ಮುಗಿಸಿ ಆಕ್ಲೆಂಡಿಗೆ ಹೋಗಿ ತಿಂಗಳಾಯಿತು, ಈಗ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ಆಸ್ಪತ್ರೆಯ ಲ್ಯಾಬಿನಲ್ಲಿ ಇಬ್ಬರು ರಜೆ ಹಾಕಿದ್ದಾರೆ, ಅವರ ಕೆಲಸವೂ ನನ್ನ ತಲೆಯ ಮೇಲೆ. ಬೇಕೆಂದೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಶನಿವಾರ ಶನಿವಾರ ಕೂರಿಸಿ ಕಲಿಸಿದ್ದು ಇದಕ್ಕೇ. ಒತ್ತಕ್ಷರ ತೊಡಕಾದರೆ ಜೋರಾಗಿ ಓದಿಕೋ, ಅರ್ಥವಾಗುತ್ತದೆ. ಮೊಬೈಲಿಗೆ ಮೆಸೇಜು ಕಳಿಸಿದರೆ ನೀನು ಬರೀ ಒಂದು 'ಕೆ' ಒತ್ತಿ ಕಳಿಸುತ್ತೀಯ. 'ಓಕೆ'ಯಲ್ಲಿ ಇರುವುದೇ ಎರಡು ಅಕ್ಷರ, ಅದರಲ್ಲೂ ಉಳಿತಾಯ!

ವಿಷಯಕ್ಕೆ ಬರುತ್ತೇನೆ. ಧಾರವಾಡದಲ್ಲಿ ನಿನ್ನ ಅಜ್ಜಿ ಕಂಪ್ಯೂಟರಿನ ಮುಂದೆ ಬರುವುದನ್ನೇ ಬಿಟ್ಟಿದ್ದಾಳೆ. ನಾಲ್ಕು ಭಾನುವಾರ ಆಯಿತು. ಇಲ್ಲಿ ಸಂಜೆ ಏಳಕ್ಕೆ, ಅಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ಭೀಮಸೇನ ಮಾಮ ಎಂದಿನಂತೆ ಕ್ಯಾಮೆರಾ ಹಾಕುತ್ತಾನೆ. ಪರದೆಯ ಮೇಲೆ ಅಜ್ಜಿಯ ಕುರ್ಚಿ ಮಾತ್ರ ಕಾಣುತ್ತದೆ. "ಅವ್ವಗ ಕಣ್ಣು ನೋಯ್ತಾವಂತ, ಬರಾಂಗಿಲ್ಲ ಅಂತಾಳ ನೋಡು," ಎನ್ನುತ್ತಾನೆ. ಕಣ್ಣು ನೋಯುವವಳು ದಿನಾ ಅಕ್ಕಿ ಆರಿಸುತ್ತಾಳೆ, ಪೇಪರ್ ಓದುತ್ತಾಳೆ. ಯಾರ ಕಿವಿಗೆ ಹೂ ಇಡುತ್ತಾರೆ?

ಕಾರಣ ನನಗೆ ಗೊತ್ತು. ಜುಲೈ ಹದಿಮೂರರ ಭಾನುವಾರ ನೀನು ಇಲ್ಲಿದ್ದೆ. ನಿನ್ನನ್ನು ನೋಡಲು ಅಜ್ಜಿ ಸೀರೆ ಬದಲಿಸಿ, ತಲೆ ಬಾಚಿಕೊಂಡು ಕೂತಿದ್ದಳು. "ತನೂ, ಊಟಾತೇನವಾ? ಎಷ್ಟು ಸೊರಗಿಯಲ್ಲ!" ಎಂದಳು. ನೀನು "ಆಯಾಮ್ ಫೈನ್, ಅಜ್ಜಿ" ಎಂದವಳೇ ಮೇಜಿನ ಕೆಳಗೆ ಮೊಬೈಲ್ ಒತ್ತುತ್ತಾ ಕಿಸಕ್ಕನೆ ನಕ್ಕೆ. ನಕ್ಕದ್ದು ಯಾರದೋ ಮೆಸೇಜಿಗೆ, ಆದರೆ ಅವಳಿಗೇನು ಗೊತ್ತು? ಹಲ್ಲು ಉದುರಿದ ಬಾಯಿಗೆ ಸೆರಗು ಅಡ್ಡ ಹಿಡಿದಳು. ನಾನು ಕಣ್ಣಾರೆ ಕಂಡೆ.

ನಿನ್ನನ್ನು ಸೊಂಟದ ಮೇಲೆ ಹೊತ್ತುಕೊಂಡು ಈ ದೇಶಕ್ಕೆ ಬಂದಾಗ ಅವಳ ಕಾಗದ ಬರಲು ಹದಿನೈದು ದಿನ ಹಿಡಿಯುತ್ತಿತ್ತು. ಬಂದದ್ದನ್ನು ಬ್ಯಾಗಿನಲ್ಲಿಟ್ಟುಕೊಂಡು ಹೋಗಿ, ಕೆಲಸಕ್ಕೆ ಇಳಿಯುವ ಮೊದಲು ಕಾರಿನಲ್ಲಿ ಕೂತು ಇನ್ನೊಮ್ಮೆ ಓದುತ್ತಿದ್ದೆ. ಈಗ ಮುಖವೇ ಮನೆಗೆ ಬರುತ್ತದೆ, ನೋಡಲು ನಿಮಗೆ ಪುರುಸೊತ್ತಿಲ್ಲ. ನಿಮ್ಮಪ್ಪ ಕ್ರಿಕೆಟ್ ಸ್ಕೋರಿನ ಮೇಲೆ ಕಣ್ಣಿಟ್ಟುಕೊಂಡೇ "ಅತ್ತೀ, ಆರಾಮೇನ್ರಿ?" ಎಂದು ಆ ಕಡೆಗೊಮ್ಮೆ ಕೈ ಬೀಸುತ್ತಾರೆ. ನೀನಂತೂ ಅಷ್ಟೂ ಇಲ್ಲ. ನನಗೆ ತಲೆ ಕೆಟ್ಟುಹೋಗಿದೆ, ತನು. ಅವಳಿಗೆ ಎಂಬತ್ತಾಯಿತು. ಇನ್ನೆಷ್ಟು ಭಾನುವಾರ ಇವೆಯೋ, ಅವನ್ನೂ ನಿನ್ನ ಮೊಬೈಲಿಗಾಗಿ ಕಳೆದುಕೊಳ್ಳಬೇಕೇ?

ಇವತ್ತು ಕ್ಯಾಮೆರಾ ಬಿಟ್ಟು ಫೋನನ್ನೇ ಮಾಡಿ ಅವಳ ಬಾಯಿಂದಲೇ ಕೇಳುತ್ತೇನೆ. ನೀನೂ ಮಾತಾಡಿ ತಪ್ಪಾಯಿತು ಅನ್ನು, ಇಂಗ್ಲಿಷಿನಲ್ಲಾದರೂ ಸರಿ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಫ್ಲ್ಯಾಟಿನಲ್ಲಿ ವಿಪರೀತ ಚಳಿ, ಹೀಟರ್ ಹಾಕಿಕೊಂಡು ಮಲಗು. ದೇವರು ನಿನಗೆ ಒಳ್ಳೆಯ ಮಾರ್ಕು, ಒಳ್ಳೆಯ ಬುದ್ಧಿ ಎರಡನ್ನೂ ಕೊಡಲಿ.

ನಿನ್ನ ಅಮ್ಮ,
ಅಂಬುಜಾ

ತಾ.ಕ.: ಈಗಷ್ಟೇ ಫೋನ್ ಮಾಡಿದೆ. "ತನುಗ ಬೈಬ್ಯಾಡ. ಅಕಿ ನಕ್ರ ಚಂದ ಕಾಣ್ತಾಳ," ಎಂದಳು. "ಮತ್ಯಾಕ ಬರವಲ್ಲಿ?" ಎಂದು ಗದರಿದೆ. ಆಗ ಹೇಳಿದಳು.

ನಂಟರು ಹೊರಟರೆ, ಅವರು ಬೀದಿಯ ತಿರುವು ದಾಟುವವರೆಗೂ ಬಾಗಿಲಲ್ಲಿ ನಿಲ್ಲುವವಳು ಅವಳು. ಕ್ಯಾಮೆರಾದ ಮುಂದೆಯೂ ಅಷ್ಟೇ, ನಾವು ಪೂರ್ತಿ ಹೋಗದೆ ತಾನು ಏಳುವುದಿಲ್ಲ. ಆ ಭಾನುವಾರ ನಾನು ಪರದೆಯ ಮೇಲೆ ಅವಳ ಚಿತ್ರ ಮುಚ್ಚಿ, ಕರೆ ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ. ಅವಳು ಕೂತೇ ಇದ್ದಳು. "ಸದ್ಯ, ಈ ವಾರದ ಪಾಳಿ ಮುಗೀತು" ಎಂದು ನಾನು ನಿಮ್ಮಪ್ಪನಿಗೆ ಹೇಳಿದ್ದು ಅವಳಿಗೆ ಕೇಳಿಸಿತು.

ಹಾಗೆ ಅಂದವಳು ನೀನಲ್ಲ ತನು, ನಾನು. ಮೇಲೆ ಬೈದದ್ದನ್ನೆಲ್ಲ ಹರಿದು ಹಾಕೋಣವೆಂದುಕೊಂಡೆ, ಆದರೆ ಹಾಗೇ ಕಳಿಸುತ್ತಿದ್ದೇನೆ. ನಿನ್ನ ಅಮ್ಮ ಎಂಥವಳೆಂದು ನಿನಗೂ ತಿಳಿಯಲಿ. ಮುಂದಿನ ಭಾನುವಾರ ಅಲ್ಲಿಂದ ನೀನೇ ಕ್ಯಾಮೆರಾ ಹಾಕು. ನೀನು ಕರೆದರೆ ಬರುತ್ತಾಳಂತೆ. "ಮತ್ತ ನಾ ಕರದ್ರ, ಅವ್ವಾ?" ಎಂದು ಕೇಳಿದೆ. "ನಿನಗ್ಯಾಕ ತ್ರಾಸು, ಯವ್ವಾ," ಎಂದು, ನಾನು ಇಡುವ ಮೊದಲೇ ಫೋನ್ ಇಟ್ಟುಬಿಟ್ಟಳು.