ಮೈನಸ್ ಬಂದ ಉತ್ತರ

ಅಪ್ಪಾಜಿ,

ಇವತ್ತು ಸರಸ್ವತಿಪುರಂನ ಸೈಬರ್ ಕೆಫೆಯಲ್ಲಿ ತಮ್ಮ ಮಹಾಂತೇಶನ ಪಕ್ಕ ಕೂತಿದ್ದೆ. ನೀವು ತೀರಿಕೊಳ್ಳುವ ಮುಂಚೆ ಹಟ ಹಿಡಿದು ಇಂಜಿನಿಯರಿಂಗಿಗೆ ಸೇರಿಸಿದಿರಲ್ಲ, ಅವನಿಗೆ ಸರ್ಕ್ಯೂಟ್ ಲೆಕ್ಕ ತಲೆಗೆ ಹತ್ತುತ್ತಿಲ್ಲ. ಇಂಟರ್ನೆಟ್ಟಿನಲ್ಲಿ ಒಂದು ಪುಟವಿದೆ. ಸರ್ಕ್ಯೂಟ್ ಕೊಟ್ಟರೆ ಹಂತ ಹಂತವಾಗಿ ಬಿಡಿಸಿ ತೋರಿಸುತ್ತದೆ. ಎಷ್ಟು ಸಲ ಹಿಂದಿನ ಹಂತಕ್ಕೆ ಹೋದರೂ ರೇಗುವುದಿಲ್ಲ.

ಅವನಿಗೆ ಕರೆಂಟು ಮೈನಸ್ ಎರಡು ಬಂತು. "ತಪ್ಪಾಗೋಯ್ತು ಬುಡಕ್ಕ" ಅಂದ. ನಾನು ಮುಂದಿನ ಹಂತ ಒತ್ತಿದೆ. ಮೈನಸ್ ಬಂದರೆ ಲೆಕ್ಕ ತಪ್ಪಲ್ಲವಂತೆ. ಲೆಕ್ಕ ಶುರು ಮಾಡುವಾಗ ನಾವು ಊಹಿಸಿ ಬಾಣ ಹಾಕಿದ ದಿಕ್ಕಿಗೆ ಎದುರಾಗಿ ಕರೆಂಟು ಹರಿಯುತ್ತಿದೆ, ಅಷ್ಟೆ. ಚಿತ್ರದ ಮೇಲೆ ಬೆರಳಿಟ್ಟು ಅವನಿಗೆ ಬಿಡಿಸಿ ಹೇಳಿದೆ.

ಪಿಯುಸಿಯಲ್ಲಿ ನನಗೂ ಹೀಗೇ ಬಂದಿತ್ತು. ನೀವು ಪುಸ್ತಕದ ಕೊನೆಯಲ್ಲಿದ್ದ ಉತ್ತರ ನೋಡಿದಿರಿ. ಅಲ್ಲಿ ಅಂಕಿ ಅದೇ ಇತ್ತು, ಮೈನಸ್ ಇರಲಿಲ್ಲ. ನನ್ನ ಪುಟಕ್ಕೆ ಅಡ್ಡಗೆರೆ ಎಳೆದು, "ಇದೆಲ್ಲ ನಿನ್ನ ಕೈಲಾಗಲ್ಲ ಕಣಮ್ಮ, ಬಿ.ಎ. ಸೇರ್ಕೊ" ಅಂದಿರಿ. ನಾನು ಹಾಕಿದ ಬಾಣದ ಕಡೆ ನಿಮ್ಮ ಕಣ್ಣು ಹೋಗಲೇ ಇಲ್ಲ.

ಸೇರಿಕೊಂಡೆ.

ವಾಪಸ್ ಬರುವಾಗ ಮಹಾಂತೇಶ ಕೇಳಿದ, "ಇಷ್ಟು ಚೆನ್ನಾಗಿ ಹೇಳ್ಕೊಡ್ತೀಯ, ನೀನ್ಯಾಕಕ್ಕ ಇಂಜಿನಿಯರಿಂಗ್ ಮಾಡ್ಲಿಲ್ಲ?"

"ನಂಗೇ ಇಷ್ಟ ಇರ್ಲಿಲ್ಲ ಕಣೋ" ಅಂದೆ. ಅವನ ಮುಂದೆ ನಿಮ್ಮನ್ನು ಬಿಟ್ಟುಕೊಡಲು ಆಗಲಿಲ್ಲ.